ಒಂದು ಗೆರೆಯ ಸಾಲ

ಇಷ್ಟು ದಿನಗಳಿಂದ ಈ ಪುಟಗಳಲ್ಲಿ ನಾವು ಗಾದೆಗಳ ಅರ್ಥ, ಶಬ್ದಗಳ ಹುಟ್ಟು, ಹಬ್ಬಹುಣ್ಣಿಮೆಗಳ ಆಚಾರ ಮುಂತಾದ ವಿಷಯಗಳನ್ನು ಕುರಿತು ವಾಚಕರೊಡನೆ ಮಾತನಾಡುತ್ತ ಬಂದಿರುವೆವು. ಈ ತಿಂಗಳು ದಾರಿಯನ್ನು ಸ್ವಲ್ಪ ಬದಲಿಸಿ ರೇಖಾಗಣಿತದ ಒಂದು ಒಗಟನ್ನು ಎತ್ತಿಕೊಳ್ಳಬೇಕೆಂದಿರುವೆವು. ಗಣಿತವೆಂಬ ಹೆಸರು ಕಣ್ಣಿಗೆ ಬಿದ್ದೊಡನೆಯೇ ಪುಟವನ್ನು ಮಗುಚಿಹಾಕುವವರು ಅನೇಕರುಂಟೆಂಬುದನ್ನು ನಾವು ಬಲ್ಲೆವು. ಒಂದು ಕಾಲದಲ್ಲಿ ನಾವೂ ಆ ಪಂಗಡಕ್ಕೇ ಸೇರಿದವರು. ಅಂತಹವರಲ್ಲಿ ನಮ್ಮ ವಿಜ್ಞಾಪನೆಯೇನೆಂದರೆ, ಈ ಸಲದ ಮಾತಿಗೆ ಬೇಕಾದ ಸಾಮಗ್ರಿ ಅತ್ಯಲ್ಪವಾದುದು: ಒಂದು ಹಾಳೆ, ಒಂದು ಪೆನ್ಸಿಲು, ಅಳತೆಪಟ್ಟಿ, ಕೋನಮಾಪಕ, ಕೈವಾರ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಇವೆಲ್ಲವೂ ಅವರ ಡಬ್ಬಿಯಲ್ಲಿಯೇ ಇರುವುವು. ಬೇಕಾದ ಜ್ಞಾನವೂ ಅಲ್ಪವೇ. ತ್ರಿಭುಜದ ಮೂರು ಕೋನಗಳನ್ನು ಕೂಡಿದರೆ 180 ಡಿಗ್ರಿಗಳಾಗುವುವೆಂಬುದೊಂದು. ಎರಡು ಭುಜಗಳು ಸಮವಾಗಿದ್ದರೆ ಅವುಗಳಿಗೆ ಎದುರಾದ ಕೋನಗಳೂ ಸಮ, ಎರಡು ಕೋನಗಳು ಸಮವಾಗಿದ್ದರೆ ಅವುಗಳಿಗೆ ಎದುರಾದ ಭುಜಗಳೂ ಸಮವೆಂಬುದು ಇನ್ನೊಂದು. ಇಷ್ಟು ಸಾಕು.

ಈ ವಿಷಯವನ್ನೇ ಆರಿಸಿಕೊಂಡುದಕ್ಕೆ ಕಾರಣವೂ ಒಂದುಂಟು. ನಾವು ಒಬ್ಬ ಹುಡುಗನಿಗೆ ಬಹುಕಾಲದಿಂದ ಒಂದು ಉತ್ತರವನ್ನು ಸಾಲವಾಗಿ ಉಳಿಸಿಕೊಂಡಿರುವೆವು. ಅದನ್ನು ಹಿಂದಿರುಗಿಸುವ ದಾರಿ ನಮಗೆ ಬೇರೆ ತೋರಲಿಲ್ಲ.

ಸಂಗತಿ ನಡೆದುದು 1991ನೆಯ ಇಸವಿಯಲ್ಲಿ. ಮಲೆನಾಡಿನ ಅಂಚಿನಲ್ಲಿರುವ ಒಂದು ಊರಿನ ಪ್ರೌಢಶಾಲೆಯಲ್ಲಿ ನಾವು ಆಗತಾನೆ ಸಂಸ್ಕೃತದ ಉಪಾಧ್ಯಾಯರಾಗಿ ಸೇರಿದ್ದೆವು. ಓದಿದುದು ಕಾವ್ಯ, ವ್ಯಾಕರಣ, ಸ್ವಲ್ಪ ತರ್ಕ. ಆ ವರ್ಷ ಗಣಿತದ ಮೇಷ್ಟರಿಗೆ ವರ್ಗವಾಗಿ, ಅವರ ಸ್ಥಾನಕ್ಕೆ ಬೇರೊಬ್ಬರು ಬಾರದೆ, ಒಂಬತ್ತನೆಯ ತರಗತಿಯ ರೇಖಾಗಣಿತವು ನಮ್ಮ ತಲೆಗೆ ಬಂದಿತು. ಹಿಂದಿನ ರಾತ್ರಿ ಓದಿಕೊಂಡುದನ್ನು ಮರುದಿನ ಹೇಳುವುದು; ಇದು ನಮ್ಮ ಪಾಠಕ್ರಮ. ಪುಸ್ತಕದಲ್ಲಿದ್ದಷ್ಟು ಹೊತ್ತು ನಾವು ಕ್ಷೇಮ. ಪುಸ್ತಕದಿಂದ ಹೊರಗೆ ಕಾಲಿಟ್ಟರೆ ಅಪಾಯ. ಇದು ನಮಗೂ ಗೊತ್ತಿದ್ದಿತು. ಆದರೆ ಹುಡುಗರಿಗೆ ಗೊತ್ತಾಗಕೂಡದೆಂಬುದೇ ನಮ್ಮ ದೊಡ್ಡ ಚಿಂತೆಯಾಗಿದ್ದಿತು.

ಆ ತರಗತಿಯಲ್ಲಿ ಬಡಗಿಯೊಬ್ಬನ ಮಗನಿದ್ದನು. ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುವನು, ಮಾತು ಕಡಮೆ. ಅವನು ಒಂದು ದಿನ ಯಾವುದೋ ಹಳೆಯ ಪುಸ್ತಕದ ಹಾಳೆಯಿಂದ ನಕಲು ಮಾಡಿಕೊಂಡು ಬಂದ ಒಂದು ಚಿತ್ರವನ್ನು ನಮ್ಮ ಮುಂದಿಟ್ಟು, "ಸಾರ್, ಈ ಕೋನ ಎಷ್ಟು ಅಂತ ಕೇಳಿದ್ದಾರೆ. ಹೇಗೆ ಮಾಡುವುದು?" ಎಂದನು. ಆ ಚಿತ್ರವನ್ನು ವಾಚಕರೂ ಈಗ ಬರೆದುಕೊಳ್ಳಲಿ.

ಹಾಳೆಯ ಕೆಳಭಾಗದಲ್ಲಿ 4 ಸೆಂಟಿಮೀಟರು ಉದ್ದದ ಒಂದು ಅಡ್ಡಗೆರೆಯನ್ನು ಎಳೆಯಿರಿ. ಎಡತುದಿಗೆ ಬ ಎಂದೂ ಬಲತುದಿಗೆ ಕ ಎಂದೂ ಹೆಸರಿಡಿರಿ. ಎರಡು ತುದಿಗಳಲ್ಲಿಯೂ 80 ಡಿಗ್ರಿಯ ಕೋನವಾಗುವಂತೆ ಮೇಲಕ್ಕೆ ಗೆರೆಗಳನ್ನು ಎಳೆದರೆ ಅವು ಮೇಲೆ ಒಂದು ಕಡೆ ಕೂಡುವುವು. ಆ ಶೃಂಗಕ್ಕೆ ಅ ಎಂದು ಹೆಸರು. ಅಲ್ಲಿಯ ಕೋನವು 20 ಡಿಗ್ರಿ. ಗೋಪುರದಂತೆ ಎತ್ತರವಾದ ಈ ತ್ರಿಭುಜದ ಎರಡು ಪಕ್ಕಗಳೂ ಸಮವಾಗಿ, ಸುಮಾರು ಹನ್ನೊಂದೂವರೆ ಸೆಂಟಿಮೀಟರು ಬರುವುವು. ಈಗ ಬ ಎಂಬಲ್ಲಿಂದ, ಪಾದವಾದ ಬಕ ಗೆರೆಯೊಡನೆ 60 ಡಿಗ್ರಿಯಾಗುವಂತೆ ಒಂದು ಗೆರೆಯನ್ನು ಎಳೆಯಿರಿ; ಅದು ಬಲಗಡೆಯ ಅಕ ಭುಜವನ್ನು ಮುಟ್ಟುವ ಸ್ಥಳ ಚ. ಹಾಗೆಯೇ ಕ ಎಂಬಲ್ಲಿಂದ ಪಾದದೊಡನೆ 50 ಡಿಗ್ರಿಯಾಗುವಂತೆ ಇನ್ನೊಂದು ಗೆರೆ. ಅದು ಎಡಗಡೆಯ ಅಬ ಭುಜವನ್ನು ಮುಟ್ಟುವ ಸ್ಥಳ ಟ. ಕಡೆಗೆ ಚ, ಟ ಎರಡನ್ನೂ ಒಂದು ಗೆರೆಯಿಂದ ಸೇರಿಸಿರಿ. ಚ ಎಂಬಲ್ಲಿ, ಚಬ ಮತ್ತು ಚಟ ಗೆರೆಗಳ ನಡುವಣ ಕೋನವೆಷ್ಟು? ಇದೇ ಪ್ರಶ್ನೆ.

ನೋಡುವುದಕ್ಕೆ ಇಷ್ಟು ಸಾಧುವಾದ ಪ್ರಶ್ನೆ ಮತ್ತೊಂದಿಲ್ಲ. ನಾವೂ ಹಾಗೆಂದೇ ಎಣಿಸಿ ಸೀಮೆಸುಣ್ಣವನ್ನು ಕೈಗೆ ತೆಗೆದುಕೊಂಡು ಕರಿಹಲಗೆಯ ಮುಂದೆ ನಿಂತೆವು. ಗೊತ್ತಿಲ್ಲದ ರಾಶಿಗೆ ನಮ್ಮ ಪ್ರಾಚೀನರು 'ಯಾವತ್ತಾವತ್' ಎಂದು ಹೆಸರಿಟ್ಟು, ಅದನ್ನು 'ಯಾ' ಎಂದು ಸಂಕ್ಷೇಪಿಸಿ ಬೀಜಗಣಿತವನ್ನು ನಡೆಸಿದರಷ್ಟೆ. ನಾವೂ ಬೇಕಾದ ಕೋನವನ್ನು 'ಯಾ' ಎಂದು ಕರೆದು ಹೊರಟೆವು. ಬಚಕ ತ್ರಿಭುಜದಲ್ಲಿ 60, 80 ಹೋಗಿ ಚ ಎಂಬಲ್ಲಿ ಉಳಿಯುವುದು 40. ಆದ್ದರಿಂದ ಅದರ ಮಗ್ಗುಲಿನ ಬಚಅ ಕೋನವು 140. ಬಟಕ ತ್ರಿಭುಜದಲ್ಲಿ 80, 50 ಹೋಗಿ ಟ ಎಂಬಲ್ಲಿ ಉಳಿಯುವುದು 50. ಮಗ್ಗುಲಿನ ಕಟಅ ಕೋನವು 130. ಬಚ, ಕಟ ಗೆರೆಗಳು ಒಂದನ್ನೊಂದು ದಾಟುವ ಸ್ಥಳವನ್ನು ಮ ಎಂದರೆ, ಅಲ್ಲಿ ಬಮಕ ಕೋನವು 70, ಅದರ ಎದುರಿನ ಟಮಚ ಕೋನವೂ 70. ಇನ್ನು 'ಯಾ'ದ ಸರದಿ. ಅಚಟ ಕೋನವು 140ರಲ್ಲಿ 'ಯಾ' ಕಳೆದಷ್ಟು. ಮೇಲಿನ ಅಟಚ ತ್ರಿಭುಜದಿಂದ ಅಟಚ ಕೋನವು 20ಕ್ಕೆ 'ಯಾ' ಕೂಡಿದಷ್ಟು. ಅದನ್ನು 130ರಿಂದ ಕಳೆದರೆ ಚಟಕ ಕೋನವು 110ರಲ್ಲಿ 'ಯಾ' ಕಳೆದಷ್ಟು. ಈಗ ನಡುವಿನ ಪುಟ್ಟ ತ್ರಿಭುಜವಾದ ಮಟಚದಲ್ಲಿ ಮೂರು ಕೋನಗಳನ್ನು ಕೂಡಿದೆವು: 70, 'ಯಾ', ಮತ್ತು 110ರಲ್ಲಿ 'ಯಾ' ಕಳೆದ ಶೇಷ. 'ಯಾ' ಎಂಬುದು ಒಂದು ಕೈಯಿಂದ ಬಂದು ಇನ್ನೊಂದು ಕೈಯಿಂದ ಹೊರಟುಹೋಯಿತು. ಉಳಿದುದು, 180 ಎಂಬುದು 180ಕ್ಕೆ ಸಮ!

ಮತ್ತೊಂದು ಕಡೆಯಿಂದ ಪ್ರಯತ್ನಿಸಿದೆವು. ಅಲ್ಲಿಯೂ 180 ಸಮ 180. ತರಗತಿಯಲ್ಲಿ ಮುಸಿಮುಸಿ ನಗೆ ಕೇಳಿಸಿತು. ನಮ್ಮ ಬೆನ್ನು ಬೆವೆತಿತು. ಆಗ ನಾವು ಮಾಡಿದುದೇನೆಂದರೆ, ಹುಡುಗರ ಕಡೆಗೆ ತಿರುಗಿ, ಗಂಭೀರವಾದ ದನಿಯಲ್ಲಿ, "ಈ ಲೆಕ್ಕದಲ್ಲಿ ಕೊಟ್ಟಿರುವ ವಿವರ ಸಾಲದು. ಕೋನವು ಎಷ್ಟು ಬೇಕಾದರೂ ಇರಬಹುದು. ಪ್ರಶ್ನೆಯೇ ತಪ್ಪು" ಎಂದುಬಿಟ್ಟೆವು. ಹುಡುಗನು ಎದ್ದು ನಿಂತು, "ಇಲ್ಲ ಸಾರ್. ನಾನು ಅಪ್ಪನ ಹಲಗೆಯ ಮೇಲೆ ದೊಡ್ಡದಾಗಿ ಗೆರೆ ಹಾಕಿ ನೋಡಿದೆ. ಪುಸ್ತಕದಲ್ಲಿಯೂ ಚಿಕ್ಕದಾಗಿ ಬರೆದು ನೋಡಿದೆ. ಎಲ್ಲಿ ನೋಡಿದರೂ ಮೂವತ್ತೇ ಬರುತ್ತದೆ. ಮೂವತ್ತು ಅಂತ ಗೊತ್ತು, ಯಾಕೆ ಅಂತ ಗೊತ್ತಿಲ್ಲ" ಎಂದನು. ನಮಗೆ ಕೋಪ ಬಂದಿತು. "ನಿನ್ನ ಹಲಗೆ ಏನೋ ಪ್ರಮಾಣ? ಅಳೆದು ನೋಡುವುದು ಗಣಿತವಲ್ಲ, ಮರಗೆಲಸ. ಕೂತುಕೋ" ಎಂದೆವು. ಎಲ್ಲರೂ ನಕ್ಕರು. ಅವನು ಕುಳಿತುಕೊಂಡನು. ಆ ವರ್ಷವೆಲ್ಲ ಅವನು ಮತ್ತೊಂದು ಪ್ರಶ್ನೆಯನ್ನು ಕೇಳಲಿಲ್ಲ. ನಮಗೆ ಅದು ಆಗ ಅನುಕೂಲವೆಂದೇ ತೋರಿತು.

ವಾಚಕರು ಇಲ್ಲಿ ಸ್ವಲ್ಪ ನಿಂತು ವಿಚಾರಿಸಲಿ. ನಮ್ಮ ಮಾತು ಎಷ್ಟರಮಟ್ಟಿಗೆ ತಪ್ಪು? 4 ಸೆಂಟಿಮೀಟರು ಗೆರೆಯನ್ನು ಎಳೆದ ಮೇಲೆ, ಮುಂದಿನ ಒಂದು ಹೆಜ್ಜೆಯಾದರೂ ಬರೆಯುವವನ ಇಚ್ಛೆಗೆ ಬಿಟ್ಟುದಲ್ಲ. 80 ಡಿಗ್ರಿಯ ಗೆರೆಗಳು ಕೂಡುವ ಸ್ಥಳ ಒಂದೇ. 60ರ ಗೆರೆ ಬಲಭುಜವನ್ನು ಮುಟ್ಟುವ ಸ್ಥಳ ಒಂದೇ. 50ರ ಗೆರೆ ಎಡಭುಜವನ್ನು ಮುಟ್ಟುವ ಸ್ಥಳವೂ ಒಂದೇ. ಆ ಎರಡನ್ನೂ ಸೇರಿಸುವ ಗೆರೆ ಒಂದೇ ಅಲ್ಲದೆ ಎರಡಾಗಲಾರದು. ಹೀಗಿರುವಾಗ ಕೋನವು ಎಷ್ಟು ಬೇಕಾದರೂ ಇರಬಹುದೆಂಬುದು ಹೇಗೆ ಸಾಧ್ಯ? ಪಾದವು 4 ಸೆಂಟಿಮೀಟರಿಗೆ ಬದಲಾಗಿ 4 ಅಡಿಯಾದರೂ ಚಿತ್ರ ದೊಡ್ಡದಾದೀತೇ ಹೊರತು ಕೋನಗಳು ಬದಲಾಗವು. ಹಲಗೆಯ ಮೇಲೂ ಪುಸ್ತಕದಲ್ಲಿಯೂ ಒಂದೇ ಕೋನ ಬಂದಿತೆಂದು ಹುಡುಗನು ಹೇಳಿದುದು ಇದನ್ನೇ. ಕೊಟ್ಟ ವಿವರ ಸಾಕಷ್ಟಿದ್ದಿತು. ಸಾಲದೆ ಹೋದುದು ನಮ್ಮ ಉಪಾಯ. ಕೋನಗಳ ಮೊತ್ತವೆಂಬ ಒಂದೇ ಒಂದು ನಿಯಮವನ್ನು ಹಿಡಿದುಕೊಂಡು, ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದು ಸೇರಿ, ದಾರಿಯೇ ಇಲ್ಲವೆಂದು ನಾವು ಸಾರಿದೆವು. ಮೊದಲೇ ಸಿದ್ಧವಾದುದನ್ನು ಮತ್ತೆ ಸಾಧಿಸುವುದನ್ನು ತರ್ಕಶಾಸ್ತ್ರದಲ್ಲಿ 'ಸಿದ್ಧಸಾಧನ'ವೆಂಬ ದೋಷವೆಂದು ಕರೆಯುವರು. ಅದನ್ನು ಓದಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಬಂದವರೇ ನಾವು ಆ ದೋಷದೊಳಗೆ ನೆಟ್ಟಗೆ ಬಿದ್ದೆವು.

ಅಳತೆಯ ವಿಷಯದಲ್ಲಿ ಮಾತ್ರ ನಮ್ಮ ಮಾತಿನಲ್ಲಿ ಅರ್ಧ ಸತ್ಯವಿದ್ದಿತು. ಕೋನಮಾಪಕವು ಮೂವತ್ತನ್ನೂ ಮೂವತ್ತಕ್ಕೆ ಕೂದಲೆಳೆಯಷ್ಟು ಕಡಮೆಯಾದುದನ್ನೂ ಬೇರ್ಪಡಿಸಿ ತೋರಿಸಲಾರದು. ಆದರೆ ಪ್ರತ್ಯಕ್ಷವು ಪ್ರಮಾಣವೇ ಅಲ್ಲವೆಂದು ನಮ್ಮ ನೈಯಾಯಿಕರಾರೂ ಹೇಳಿಲ್ಲ. ಪ್ರತ್ಯಕ್ಷ, ಅನುಮಾನಗಳೆರಡಕ್ಕೂ ಅವರು ಪೀಠ ಹಾಕಿರುವರು. ಆ ಹುಡುಗನು ಪ್ರತ್ಯಕ್ಷದಿಂದ ಉತ್ತರವನ್ನು ಕಂಡು, ಅನುಮಾನವನ್ನು ನಮ್ಮಲ್ಲಿ ಬೇಡಿದನು. ನಾವು ಎರಡನ್ನೂ ಕೊಡದೆ, ಗುರುವಾಕ್ಯವೆಂಬ ಮೂರನೆಯದರಿಂದ ಅವನ ಬಾಯಿ ಮುಚ್ಚಿಸಿದೆವು. ಉಪಪತ್ತಿಯಿಲ್ಲದ ಗಣಕನಿಗೆ ಪ್ರೌಢರ ಸಭೆಯಲ್ಲಿ ಪ್ರೌಢಿಮೆಯಿಲ್ಲವೆಂಬ ಅಭಿಪ್ರಾಯವನ್ನು ಭಾಸ್ಕರಾಚಾರ್ಯನು ಸಿದ್ಧಾಂತಶಿರೋಮಣಿಯ ಗೋಲಾಧ್ಯಾಯದಲ್ಲಿ ಸೂಚಿಸಿರುವನು. 1150ರಲ್ಲಿ ಬರೆದ ಆ ಮಾತು ಪ್ರೌಢಶಾಲೆಯ ಸಭೆಗೂ ಸಲ್ಲತಕ್ಕುದೆಂಬುದು ನಮಗೆ ಆಗ ಹೊಳೆಯಲಿಲ್ಲ.

ಮರುವರ್ಷ ಗಣಿತಕ್ಕೆ ಬೇರೆ ಉಪಾಧ್ಯಾಯರು ಬಂದರು. ನಾವು ರಘುವಂಶಕ್ಕೆ ಹಿಂದಿರುಗಿದೆವು. ವರ್ಷಗಳು ಉರುಳಿದುವು. ನಿವೃತ್ತಿಯೂ ಆಯಿತು.

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಮೊಮ್ಮಗಳು ಬಂದಿದ್ದಳು. ಅವಳೂ ಈಗ ಒಂಬತ್ತನೆಯ ತರಗತಿ. ಒಂದು ಮಧ್ಯಾಹ್ನ ಜಗಲಿಯ ಮೇಲೆ ಕುಳಿತು ಏನನ್ನೋ ಬರೆಯುತ್ತಿದ್ದವಳು ನಮ್ಮ ಬಳಿಗೆ ಬಂದು, "ತಾತ, ಇದು ಬರುತ್ತಿಲ್ಲ. ಏನು ಮಾಡಿದರೂ ನೂರ ಎಂಬತ್ತಕ್ಕೆ ನೂರ ಎಂಬತ್ತೇ ಬರುತ್ತದೆ" ಎಂದಳು. ಹಾಳೆಯನ್ನು ನೋಡಿದೊಡನೆ ನಮ್ಮ ಎದೆ ಧಸಕ್ಕೆಂದಿತು. ಅದೇ ಗೋಪುರ, ಅದೇ ಎರಡು ಓರೆಗೆರೆಗಳು. ವಿವರ ಸಾಲದೆಂಬ ಹಳೆಯ ಮಾತು ನಾಲಗೆಯ ತುದಿಯವರೆಗೂ ಬಂದಿತು. ಅದನ್ನು ನುಂಗಿಕೊಂಡು, "ನಮಗೂ ಗೊತ್ತಿಲ್ಲ ಮಗೂ. ಉತ್ತರ ಮೂವತ್ತು ಎಂದು ಬಹಳ ಹಿಂದೆ ಒಬ್ಬನು ಹೇಳಿದ್ದನು. ಏಕೆಂದು ನಾವಿಬ್ಬರೂ ಕೂಡಿ ನೋಡೋಣ, ಬಾ" ಎಂದೆವು. ಗೊತ್ತಿಲ್ಲವೆಂದು ಹೇಳುವುದು ಇಷ್ಟು ಸುಲಭವೆಂಬುದು ಅರುವತ್ತರ ಹತ್ತಿರದಲ್ಲಿ ನಮಗೆ ತಿಳಿಯಿತು. ಹುಡುಗಿ ನಮ್ಮನ್ನು ಕಡೆಗಣಿಸಲಿಲ್ಲ. ಚಾಪೆಯನ್ನು ಹತ್ತಿರಕ್ಕೆ ಎಳೆದುಕೊಂಡು ಕುಳಿತಳು.

ಮೊದಲನೆಯ ದಿನ ಏನೂ ಆಗಲಿಲ್ಲ. ಎರಡನೆಯ ದಿನ ಬೆಳಗ್ಗೆ ಅವಳು ಒಂದನ್ನು ಗಮನಿಸಿದಳು. "ತಾತ, ಬಟಕ ತ್ರಿಭುಜದಲ್ಲಿ ಕ ಹತ್ತಿರವೂ ಐವತ್ತು, ಟ ಹತ್ತಿರವೂ ಐವತ್ತು. ಹಾಗಾದರೆ ಬಟ, ಬಕ ಎರಡೂ ಒಂದೇ ಉದ್ದ!" ಎಂದಳು. ನಾವು 1991ರಲ್ಲಿ ಆ ಐವತ್ತನ್ನು ಕರಿಹಲಗೆಯ ಮೇಲೆ ಬರೆದಿದ್ದೆವು; ಆದರೆ ಅದರಿಂದ ಉದ್ದವೊಂದು ದೊರೆಯುವುದೆಂದು ನೋಡಿರಲಿಲ್ಲ. ಕೋನಗಳಿಂದ ಕೋನಗಳಿಗೇ ಹಾರುತ್ತಿದ್ದೆವೇ ಹೊರತು, ನಡುವೆ ಭುಜಗಳ ಮೇಲೆ ಕಾಲಿಡಲಿಲ್ಲ. ಅಟ್ಟವನ್ನು ಹತ್ತಬೇಕಾದವನು ಏಣಿಯನ್ನು ಬಿಟ್ಟು ನೆಲದ ಮೇಲೆಯೇ ಸುತ್ತುತ್ತಿದ್ದಂತಾಗಿದ್ದಿತು ನಮ್ಮ ಪಾಡು.

ಉದ್ದಗಳು ಸಮವೆಂದು ನಂಬುವುದಕ್ಕಾಗಿ ಹುಡುಗಿ ಕೈವಾರದ ಮುಳ್ಳನ್ನು ಬ ಎಂಬಲ್ಲಿ ಊರಿ, ಪೆನ್ಸಿಲನ್ನು ಕ ಮೇಲಿಟ್ಟು ತಿರುಗಿಸಿದಳು. ಕಮಾನು ಸರಿಯಾಗಿ ಟ ಮೇಲೆಯೇ ಹಾದುಹೋಯಿತು. ಆದರೆ ಹೋಗುವ ದಾರಿಯಲ್ಲಿ ಅದು ಇನ್ನೊಂದು ಕೆಲಸವನ್ನೂ ಮಾಡಿತು: ಬಲಭುಜವಾದ ಅಕವನ್ನು, ಕ ಎಂಬಲ್ಲಿಂದ ಸ್ವಲ್ಪ ಮೇಲೆ, ಮತ್ತೊಂದು ಸ್ಥಳದಲ್ಲಿ ಕತ್ತರಿಸಿತು. ವಾಚಕರ ಹಾಳೆಯಲ್ಲಿ ಆ ಸ್ಥಳವು ಕ ಎಂಬಲ್ಲಿಂದ ಸುಮಾರು 1.4 ಸೆಂಟಿಮೀಟರು ಮೇಲಿರುವುದು. "ಇದಕ್ಕೆ ಹೆಸರೇ ಇಲ್ಲ" ಎಂದಳು ಹುಡುಗಿ. "ಗ ಎಂದು ಕರೆ" ಎಂದೆವು. ಅವಳು ಬ, ಗ ಎರಡನ್ನೂ ಗೆರೆಯೆಳೆದು ಸೇರಿಸಿದಳು. ಅಷ್ಟು ವರ್ಷ ನಮ್ಮ ಕಣ್ಣಿಗೆ ಬೀಳದಿದ್ದ ಗೆರೆ ಅದೇ. ಪ್ರಶ್ನೆಯಲ್ಲಿ ಕೊಡದಿದ್ದ, ಆದರೆ ಪ್ರಶ್ನೆಯೊಳಗೇ ಅಡಗಿದ್ದ ಗೆರೆ.

ಇನ್ನು ಮುಂದಿನದು ಗಂಟು ಬಿಚ್ಚಿದ ಹೂವಿನ ಮಾಲೆಯಂತೆ ತಾನಾಗಿ ಇಳಿಯಿತು. ವಾಚಕರು ಒಂದೊಂದಾಗಿ ಪರೀಕ್ಷಿಸಲಿ.

ಮೊದಲನೆಯದಾಗಿ, ಬಗ ಮತ್ತು ಬಕ ಒಂದೇ ಕಮಾನಿನ ತ್ರಿಜ್ಯಗಳಾದುದರಿಂದ ಸಮ. ಆದ್ದರಿಂದ ಬಗಕ ತ್ರಿಭುಜದಲ್ಲಿ ಕ ಎಂಬಲ್ಲಿ 80 ಇರುವಂತೆ ಗ ಎಂಬಲ್ಲಿಯೂ 80. ಉಳಿದುದು, ಬ ಎಂಬಲ್ಲಿ 20.

ಎರಡನೆಯದಾಗಿ, ಬ ಎಂಬಲ್ಲಿಯ ಇಡೀ ಕೋನವು 80. ಅದರಲ್ಲಿ ಗಬಕ ಕೋನವು 20 ಹೋದರೆ, ಟಬಗ ಕೋನವು 60. ಬಟ ಮತ್ತು ಬಗ ಎರಡೂ ಆ ಕಮಾನಿನ ತ್ರಿಜ್ಯಗಳೇ. ಎರಡು ಭುಜಗಳು ಸಮವಾಗಿ ನಡುವಣ ಕೋನವು 60 ಆದರೆ, ಉಳಿದೆರಡು ಕೋನಗಳೂ 60 ಆಗಲೇಬೇಕು. ಅಂದರೆ ಬಟಗವು ಸಮಬಾಹು ತ್ರಿಭುಜ. ಆದ್ದರಿಂದ ಗಟವೂ ಅದೇ ಉದ್ದ.

ಮೂರನೆಯದಾಗಿ, ಚಬಕ ಕೋನವು 60, ಗಬಕ ಕೋನವು 20. ಆದ್ದರಿಂದ ಗಬಚ ಕೋನವು 40. ಬಚಕ ಕೋನವು 40 ಎಂದು ಮೊದಲೇ ಕಂಡಿರುವೆವು. ಗ ಎಂಬುದು ಚಕ ಗೆರೆಯ ಮೇಲೆಯೇ ಇರುವುದರಿಂದ ಬಚಗ ಕೋನವೂ ಅದೇ 40. ಹೀಗೆ ಬಗಚ ತ್ರಿಭುಜದಲ್ಲಿ ಎರಡು ಕೋನಗಳು ಸಮ. ಆದ್ದರಿಂದ ಗಬ, ಗಚ ಭುಜಗಳೂ ಸಮ. ಅಳತೆಪಟ್ಟಿಯನ್ನಿಟ್ಟು ನೋಡಿರಿ, ಗಚವೂ ನಾಲ್ಕೇ ಸೆಂಟಿಮೀಟರು.

ನಾಲ್ಕನೆಯದಾಗಿ, ಗಟ ಮತ್ತು ಗಚ ಎರಡೂ ಗಬಕ್ಕೆ ಸಮವಾದುದರಿಂದ ತಮ್ಮಲ್ಲಿಯೂ ಸಮ. ಗ ಎಂಬಲ್ಲಿ ಅಕ ಗೆರೆಯ ಒಂದು ಮಗ್ಗುಲಿನಲ್ಲಿ ಒಟ್ಟು 180 ಡಿಗ್ರಿಗಳಿರುವುವು. ಅದರಲ್ಲಿ ಕಗಬ 80, ಬಗಟ 60. ಆದ್ದರಿಂದ ಟಗಚ 40. ಸಮಭುಜಗಳ ನಡುವೆ 40 ಇದ್ದರೆ ಉಳಿದ ಎರಡು ಕೋನಗಳು ತಲಾ 70. ಅಂದರೆ ಗಚಟ ಕೋನವು 70. ಅದರಲ್ಲಿ ಗಚಬ 40 ಹೋದರೆ ಬಚಟ ಕೋನವು ಉಳಿಯಿತು: 30.

ಮೂವತ್ತೇ. ಹಲಗೆಯ ಮೇಲೆ ಬಂದ ಮೂವತ್ತೇ. ಹುಡುಗಿ ಕೈತಟ್ಟಿ ಎದ್ದು ಒಳಗೆ ಓಡಿ ಅಜ್ಜಿಗೆ ಹೇಳಿದಳು. ನಾವು ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಅಲ್ಲಿಯೇ ಕುಳಿತಿದ್ದೆವು.

ಸಂಜೆಗೆ ಅವಳೇ ಇನ್ನೊಂದು ಚಮತ್ಕಾರವನ್ನು ಕಂಡುಹಿಡಿದಳು. ಗಬ, ಗಟ, ಗಚ ಮೂರೂ ಸಮವಾದ ಮೇಲೆ, ಗ ಎಂಬಲ್ಲಿ ಕೈವಾರವನ್ನು ಊರಿ ಬ ಮೂಲಕ ವೃತ್ತವನ್ನು ಎಳೆದರೆ ಅದು ಟ, ಚ ಎರಡರ ಮೇಲೆಯೂ ಹೋಗುವುದಷ್ಟೆ. ಒಂದು ಜ್ಯಾವು ವೃತ್ತದ ಕೇಂದ್ರದಲ್ಲಿ ಮಾಡುವ ಕೋನವು, ಅದೇ ಮಗ್ಗುಲಿನ ಪರಿಧಿಯಲ್ಲಿ ಮಾಡುವ ಕೋನದ ಎರಡರಷ್ಟೆಂಬುದು ಯೂಕ್ಲಿಡನ ಮೂರನೆಯ ಪುಸ್ತಕದ ಪ್ರಸಿದ್ಧವಾದ ಪ್ರಮೇಯ. ಬಟ ಎಂಬ ಜ್ಯಾವು ಕೇಂದ್ರವಾದ ಗದಲ್ಲಿ 60 ಮಾಡುವುದು. ಪರಿಧಿಯ ಮೇಲಿನ ಚದಲ್ಲಿ ಅದರ ಅರ್ಧ, 30. ನಾಲ್ಕನೆಯ ಹೆಜ್ಜೆಯೆಲ್ಲ ಒಂದೇ ವಾಕ್ಯಕ್ಕೆ ಇಳಿಯಿತು.

ಇಂತಹ ಲೆಕ್ಕವನ್ನು ತ್ರಿಕೋನಮಿತಿಯಿಂದ ಬಿಡಿಸಲಾಗದೆಂದು ಯಾರೂ ತಿಳಿಯಬೇಡಿ. ಪಾದವನ್ನು 1 ಎಂದು ಇಟ್ಟುಕೊಂಡರೆ ಬಟವು 1, ಬಚವು ಸುಮಾರು 1.532, ನಡುವಣ ಕೋನ 20. ಕೋಷ್ಟಕವನ್ನು ನೋಡಿ ಗುಣಿಸಿ ಭಾಗಿಸಿದರೆ 30 ದೊರೆಯುವುದು. ಆ ಕೋಷ್ಟಕಗಳ ವಿಷಯದಲ್ಲಿ ನಮ್ಮವರಿಗೆ ಹೆಮ್ಮೆ ಪಡುವ ಕಾರಣವೂ ಉಂಟು. ಆರ್ಯಭಟನು 499ರ ತನ್ನ ಗ್ರಂಥದಲ್ಲಿಯೇ ಮೂರು ಮುಕ್ಕಾಲು ಡಿಗ್ರಿಗೊಂದರಂತೆ ಇಪ್ಪತ್ತನಾಲ್ಕು ಅರ್ಧಜ್ಯಾಗಳ ಅಂತರಗಳನ್ನು ಕೊಟ್ಟಿರುವನು. ಜ್ಯಾ ಎಂದರೆ ಬಿಲ್ಲಿನ ಹೆದೆ. ಅದರ ಪರ್ಯಾಯವಾದ ಜೀವಾ ಎಂಬ ಶಬ್ದವು ಅರಬ್ಬಿಗೆ ಹೋಗಿ ಜೀಬಾ ಆಗಿ, ಆ ಲಿಪಿಯಲ್ಲಿ ಸ್ವರಗಳನ್ನು ಬಿಟ್ಟು ಬರೆಯುವ ಪದ್ಧತಿಯಿಂದ ಜೈಬ್ ಎಂದು ಓದಲ್ಪಟ್ಟು, ಜೈಬ್ ಎಂದರೆ ಉಡುಪಿನ ಮಡಿಕೆ, ಎದೆಯ ಭಾಗವೆಂಬ ಅರ್ಥವಿದ್ದುದರಿಂದ ಲ್ಯಾಟಿನ್ನಿಗೆ ಸೈನಸ್ ಎಂದು ಅನುವಾದವಾಯಿತು. ಇಂದು ಮಕ್ಕಳು ಓದುವ ಸೈನ್ ಎಂಬುದು ಹೀಗೆ ದೇಶಾಂತರ ಸುತ್ತಿ ವೇಷ ಮರೆಸಿಕೊಂಡು ಮನೆಗೆ ಬಂದ ನಮ್ಮ ಜ್ಯಾವೇ. ಆದರೆ ಹುಡುಗನು ಕೇಳಿದುದು 'ಎಷ್ಟು' ಎಂದಲ್ಲ, 'ಯಾಕೆ' ಎಂದು. ಕೋಷ್ಟಕವು ಮೊದಲನೆಯದಕ್ಕೆ ಉತ್ತರ ಕೊಟ್ಟೀತು. ಎರಡನೆಯದಕ್ಕೆ ಉತ್ತರ ಕೊಟ್ಟುದು ಆ ಒಂದು ಗೆರೆ.

ನಮ್ಮ ಪ್ರಾಚೀನರ ಕ್ಷೇತ್ರಗಣಿತದಲ್ಲಿ ಭುಜ, ಕೋಟಿ, ಕರ್ಣ, ಕ್ಷೇತ್ರಫಲಗಳ ವಿಚಾರ ವಿಪುಲವಾಗಿರುವುದು. ಲೀಲಾವತಿಯನ್ನು ನೋಡಿರಿ, ನೃಪತುಂಗನ ಕಾಲದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹವನ್ನು ನೋಡಿರಿ, ಎಲ್ಲೆಲ್ಲಿಯೂ ಭುಜಗಳದೇ ಮಾತು. ಕೋನಗಳಿಂದ ಕೋನಗಳನ್ನು ಸಾಧಿಸುವ ಈ ಬಗೆಯು ಯೂಕ್ಲಿಡನ ದಾರಿ. ಆತನ ಗ್ರಂಥವು ಜಯಪುರದ ಸವಾಯಿ ಜಯಸಿಂಹನ ಆಶ್ರಯದಲ್ಲಿದ್ದ ಸಮ್ರಾಟ್ ಜಗನ್ನಾಥನಿಂದ ಹದಿನೆಂಟನೆಯ ಶತಮಾನದಲ್ಲಿ ಅರಬ್ಬಿಯ ಮೂಲಕ 'ರೇಖಾಗಣಿತ'ವೆಂಬ ಹೆಸರಿನಿಂದ ಸಂಸ್ಕೃತಕ್ಕೆ ಬಂದಿತು. ಭುಜಗಳ ಮಾತನ್ನೂ ಕೋನಗಳ ಮಾತನ್ನೂ ಒಟ್ಟಿಗೆ ನಡೆಸಿದಾಗಲೇ ನಮ್ಮ ಒಗಟು ಬಿಚ್ಚಿಕೊಂಡಿತೆಂಬುದನ್ನು ವಾಚಕರು ಗಮನಿಸಿರಬಹುದು.

ಒಗಟಿನ ಹಿನ್ನೆಲೆಯನ್ನೂ ಆಮೇಲೆ ಹುಡುಕಿ ತಿಳಿದುಕೊಂಡೆವು. ಇದನ್ನು 1922ರಲ್ಲಿ ಇಂಗ್ಲೆಂಡಿನ 'ಮ್ಯಾಥಮೆಟಿಕಲ್ ಗೆಜೆಟ್' ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದವರು ಎಡ್ವರ್ಡ್ ಮ್ಯಾನ್ ಲ್ಯಾಂಗ್ಲಿ. ಅವರು ಬೆಡ್‌ಫರ್ಡ್ ಊರಿನ ಶಾಲೆಯೊಂದರ ಉಪಾಧ್ಯಾಯರು. ಆ ಪತ್ರಿಕೆಯನ್ನು 1894ರಲ್ಲಿ ಆರಂಭಿಸಿದವರೂ ಅವರೇ. ಗಣಿತಜ್ಞರ ಜೀವನಚರಿತ್ರೆಗಳನ್ನು ಬರೆದು ಪ್ರಸಿದ್ಧರಾದ ಎರಿಕ್ ಟೆಂಪಲ್ ಬೆಲ್ ಅವರ ಶಿಷ್ಯರಲ್ಲೊಬ್ಬರು. ಮರುವರ್ಷ ಪತ್ರಿಕೆಗೆ ಬಂದ ಪರಿಹಾರಗಳಲ್ಲಿ ಜೇಮ್ಸ್ ಮರ್ಸರ್ ಎಂಬವರದು ಬಹು ಚಿಕ್ಕದು; ನಮ್ಮ ಹುಡುಗಿ ಕೈವಾರದಿಂದ ಕಂಡ ಬಗ ಗೆರೆಯೇ ಅವರದೂ. ಈ ತ್ರಿಭುಜದ ಗೆರೆಗಳೆಲ್ಲವೂ ಹದಿನೆಂಟು ಭುಜಗಳ ಸಮಬಹುಭುಜದ ಕರ್ಣಗಳಲ್ಲಿ ಹುದುಗಿರುವುವೆಂದೂ, ಅಂತಹ ಬಹುಭುಜಗಳಲ್ಲಿ ಮೂರು ಮತ್ತು ಅದಕ್ಕೂ ಹೆಚ್ಚು ಕರ್ಣಗಳು ಒಂದೇ ಬಿಂದುವಿನಲ್ಲಿ ಕೂಡುವ ಸಂದರ್ಭಗಳೆಲ್ಲವನ್ನೂ ಪೂನೆನ್ ಮತ್ತು ರೂಬಿನ್‌ಸ್ಟೈನ್ ಎಂಬ ವಿದ್ವಾಂಸರು 1998ರಲ್ಲಿ ಎಣಿಸಿ ತೋರಿಸಿದರೆಂದೂ ತಿಳಿದು ಬೆರಗಾದೆವು. ನಾವು 'ಪ್ರಶ್ನೆಯೇ ತಪ್ಪು' ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದುದರ ಆಳ ಇಷ್ಟಿದ್ದಿತು.

ಆ ಹುಡುಗನು ಈಗ ಎಲ್ಲಿರುವನೋ ನಾವರಿಯೆವು. ಶಾಲೆಯನ್ನು ಬಿಟ್ಟ ಮೇಲೆ ತಂದೆಯ ಕಸುಬನ್ನೇ ಹಿಡಿದನೆಂದು ಬಹಳ ಹಿಂದೆ ಯಾರೋ ಹೇಳಿದ ನೆನಪು. ಅವನಿಗೂ ಈಗ ಐವತ್ತು ಹತ್ತಿರವಾಗಿರಬೇಕು, ಮಕ್ಕಳೂ ಇರಬಹುದು. ಈ ಪತ್ರಿಕೆಯು ಅವನ ಮನೆಗೆ ಬರುವುದೋ ಇಲ್ಲವೋ ಹೇಳಲಾರೆವು. ಬಂದರೆ ಅವನು ಓದಲೆಂದೇ ಮೇಲಿನ ನಾಲ್ಕು ಹೆಜ್ಜೆಗಳನ್ನು ಒಂದನ್ನೂ ಬಿಡದೆ ಬರೆದಿರುವೆವು. ಅಪ್ಪಾ, ನಿನ್ನ ಹಲಗೆ ಸರಿಯಾಗಿದ್ದಿತು. ನಿನ್ನ ಪ್ರಶ್ನೆಯೂ ಸರಿಯಾಗಿದ್ದಿತು. ನಮ್ಮಲ್ಲಿ ಉತ್ತರವಿರಲಿಲ್ಲ; ಅದನ್ನು ಒಪ್ಪಿಕೊಳ್ಳುವ ಧೈರ್ಯವೂ ಇರಲಿಲ್ಲ. ಅಷ್ಟೇ.

ತಂದೆತಾಯಿಗಳೂ ಉಪಾಧ್ಯಾಯರೂ ಆದ ವಾಚಕರಿಗೆ ಒಂದು ಮಾತು. ಮಗುವು ತಂದ ಪ್ರಶ್ನೆ ನಮಗೆ ಬಾರದೆ ಹೋದರೆ ಗೌರವವೇನೂ ಕುಂದುವುದಿಲ್ಲ. ಪ್ರಶ್ನೆಯನ್ನು ಹೀಯಾಳಿಸಿ ಕಳುಹಿಸಿದರೆ ಮಾತ್ರ ಆ ಮಗು ಇನ್ನೊಂದು ಸಲ ನಮ್ಮ ಬಳಿಗೆ ಬರುವುದಿಲ್ಲ. ಹಾಳೆಯನ್ನು ಮುಂದಿಟ್ಟುಕೊಂಡು ಜೊತೆಗೆ ಕುಳಿತರೆ, ಮೂರು ದಿನವಾದರೂ ಆಗಲಿ, ಉತ್ತರ ಸಿಗದೆಯೂ ಇರಲಿ, ಕುಳಿತುದು ವ್ಯರ್ಥವಾಗದು.

ಕಡೆಯಲ್ಲಿ, ಪದ್ಧತಿಯಂತೆ ಈ ತಿಂಗಳ ಅಭ್ಯಾಸ. ಅದೇ ತ್ರಿಭುಜ, ಅದೇ ಬ ಎಂಬಲ್ಲಿಂದ ಪಾದದೊಡನೆ 60 ಡಿಗ್ರಿಯ ಬಚ ಗೆರೆ. ಆದರೆ ಕ ಎಂಬಲ್ಲಿಂದ ಪಾದದೊಡನೆ 50ಕ್ಕೆ ಬದಲಾಗಿ 70 ಡಿಗ್ರಿಯಾಗುವಂತೆ ಕಟ ಗೆರೆಯನ್ನು ಎಳೆಯಿರಿ. ಈ ಸಲ ಟ ಎಂಬಲ್ಲಿ, ಟಕ ಮತ್ತು ಟಚ ಗೆರೆಗಳ ನಡುವಣ ಕೋನವು ಬೇಕು. ಅಳೆದು ನೋಡಿದರೆ 20 ಬರುವುದು. ಮೊದಲು ಅಳೆಯುವುದಕ್ಕೆ ಸಂಕೋಚ ಬೇಡ. ಏಕೆ 20 ಎಂಬುದನ್ನು ಕೋಷ್ಟಕವಿಲ್ಲದೆ ತೋರಿಸತಕ್ಕುದು. ಇಲ್ಲಿಯೂ ಬೇಕಾದುದು ಕೊಡದೆ ಉಳಿಸಿದ ಗೆರೆಯೇ. ಆದರೆ ಇದು ಹಿಂದಿನದಕ್ಕಿಂತ ಹಟಮಾರಿ. ಪರಿಹಾರವನ್ನು ಮುಂದಿನ ತಿಂಗಳು ನೋಡೋಣ. ಅಷ್ಟರೊಳಗೆ ಯಾರ ಮನೆಯ ಮಕ್ಕಳಾದರೂ ಬಿಡಿಸಿದರೆ, ಹೇಗೆ ಬಿಡಿಸಿದರೆಂಬುದನ್ನು ಅವರದೇ ಮಾತಿನಲ್ಲಿ ಬರೆದು ಕಳುಹಿಸಲಿ. ನಮ್ಮ ಮೊಮ್ಮಗಳು ಇನ್ನೂ ಹೆಣಗುತ್ತಿರುವಳು; ನಾವೂ ಅವಳ ಪಕ್ಕದಲ್ಲಿಯೇ ಕುಳಿತಿರುವೆವು.